ಮನೆಯೇ ಗ್ಯಾಲರಿಯಾದಾಗ

ನವರಾತ್ರಿ ಬಂತೆಂದರೆ ಹಳೇ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ನಡುಮನೆಯ ರೂಪವೇ ಬದಲಾಗುತ್ತದೆ. ಕುರ್ಚಿ, ಮೇಜುಗಳು ಮೂಲೆ ಸೇರುತ್ತವೆ. ಟ್ರಂಕುಗಳನ್ನೋ ಹಲಗೆಗಳನ್ನೋ ಒಂದರ ಮೇಲೊಂದು ಜೋಡಿಸಿ, ಮೆಟ್ಟಿಲು ಮಾಡಿ, ಅದರ ಮೇಲೆ ಬಿಳಿ ಪಂಚೆ ಹಾಸುತ್ತಾರೆ. ಪಟ್ಟದ ಗೊಂಬೆಗಳಿಂದ ಹಿಡಿದು ಚನ್ನಪಟ್ಟಣದ ಆಟಿಕೆಗಳವರೆಗೆ ಮನೆಯಲ್ಲಿದ್ದುದನ್ನೆಲ್ಲ ಅಲ್ಲಿ ಒಪ್ಪವಾಗಿ ಕೂರಿಸುತ್ತಾರೆ. ಸಂಜೆಯಾದರೆ "ಗೊಂಬೆ ಕೂರಿಸಿದ್ದೀವಿ, ನೋಡೋಕೆ ಬನ್ನಿ" ಎಂದು ನೆರೆಹೊರೆಯವರಿಗೆ ಕರೆ ಹೋಗುತ್ತದೆ. ಬಂದವರು ನೋಡುತ್ತಾರೆ, ಮೆಚ್ಚುತ್ತಾರೆ, ಹೋದ ವರ್ಷಕ್ಕಿಂತ ಈ ವರ್ಷ ಏನು ಹೊಸದು ಎಂದು ವಿಚಾರಿಸುತ್ತಾರೆ. ಮಕ್ಕಳು ಬೊಂಬೆ ಬಾಗಿನಕ್ಕೆ ಕೈಯೊಡ್ಡುತ್ತಾರೆ.

ಇದನ್ನು ಯಾರೂ ಕಲಾಪ್ರದರ್ಶನವೆಂದು ಕರೆಯುವುದಿಲ್ಲ. ಆದರೆ ಪ್ರದರ್ಶನವೊಂದಕ್ಕೆ ಬೇಕಾದದ್ದೆಲ್ಲ ಇಲ್ಲಿದೆ. ಯಾವುದನ್ನು ಇಡಬೇಕು, ಯಾವುದನ್ನು ಪೆಟ್ಟಿಗೆಯಲ್ಲೇ ಬಿಡಬೇಕೆಂಬ ಆಯ್ಕೆಯಿದೆ. ಯಾವುದರ ಪಕ್ಕ ಯಾವುದು ಎಂಬ ಜೋಡಣೆಯಿದೆ. ಇಷ್ಟು ದಿನವೆಂಬ ಅವಧಿಯಿದೆ. ನೋಡಲು ಬರುವ ಜನರಿದ್ದಾರೆ. ಇಷ್ಟೆಲ್ಲ ನಡೆದಿರುವಾಗಲೇ ಒಳಗೆ ಒಲೆಯ ಮೇಲೆ ಹಾಲು ಕಾಯುತ್ತಿರುತ್ತದೆ, ಮಕ್ಕಳು ಪಾಠ ಒಪ್ಪಿಸುತ್ತಿರುತ್ತಾರೆ. ಕಳೆದ ಎರಡು ದಶಕಗಳಲ್ಲಿ ಬೆಂಗಳೂರಿನ ಕೆಲವು ಕಲಾವಿದರು ತಾವು ವಾಸಿಸುವ ಮನೆಯ ಬಾಗಿಲನ್ನು ಸಮಕಾಲೀನ ಕಲೆಗೆ ತೆರೆದಾಗ ನಡೆದದ್ದೂ ಹೆಚ್ಚುಕಡಿಮೆ ಇದೇ. ಹಾಗೆ ತೆರೆದ ಬಾಗಿಲಿನಿಂದ ಕಲೆಗೆ ಏನು ಲಾಭ, ಮನೆಗೆ ಏನು ಕಷ್ಟ, ಒಳಗೆ ಬರುವವರು ಯಾರು, ಹೊರಗೇ ಉಳಿಯುವವರು ಯಾರು ಎಂಬುದು ವಿಚಾರ ಮಾಡತಕ್ಕ ವಿಷಯ.

ದೂರದ ಗೋಡೆ, ಹತ್ತಿರದ ಗೋಡೆ

ಬೆಂಗಳೂರಿನ ನಕ್ಷೆಯನ್ನು ಮುಂದಿಟ್ಟುಕೊಂಡರೆ ಈ ಬಾಗಿಲು ಏಕೆ ತೆರೆಯಿತೆಂಬುದು ಒಂದಿಷ್ಟು ಅರ್ಥವಾಗುತ್ತದೆ. ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯನ್ನೇ ತೆಗೆದುಕೊಳ್ಳಬಹುದು. ಹೆಸರಿನಲ್ಲಷ್ಟೇ ಹಳ್ಳಿ ಉಳಿದಿರುವ ಈ ಕಡೆ ಈಗ ಎತ್ತ ನೋಡಿದರೂ ಬಡಾವಣೆಯ ಮನೆಗಳು, ಅಪಾರ್ಟ್‌ಮೆಂಟುಗಳು. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ವಿನ್ಯಾಸ ಮಾಡಿದ ಐಐಎಂನ ಕಲ್ಲುಗೋಡೆಯ ಕಟ್ಟಡಗಳು ಇಲ್ಲೇ ಇವೆ. ಆದರೆ ಒಂದು ಚಿತ್ರಪ್ರದರ್ಶನ ನೋಡಬೇಕೆಂದರೆ ಇಲ್ಲಿಯ ನಿವಾಸಿ ಸುಮಾರು ಹತ್ತು ಕಿಲೋಮೀಟರ್ ದೂರದ ನಗರದ ನಡುಭಾಗಕ್ಕೆ ಹೋಗಬೇಕು. ವೆಂಕಟಪ್ಪ ಕಲಾ ಗ್ಯಾಲರಿ ಇರುವುದು ಕಸ್ತೂರಬಾ ರಸ್ತೆಯಲ್ಲಿ. 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯವೂ ಅದೇ ರಸ್ತೆಯಲ್ಲಿ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ, ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಅರಮನೆ ರಸ್ತೆಯಲ್ಲಿ. ಒಂದರಿಂದ ಇನ್ನೊಂದಕ್ಕೆ ಆಟೋದಲ್ಲಿ ಸುಲಭವಾಗಿ ಹೋಗಬಹುದಾದಷ್ಟು ಅವು ಹತ್ತಿರ ಹತ್ತಿರ.

ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಜನಕ್ಕೆ ಸಂಗೀತದ ಕೊರತೆಯಿಲ್ಲ. ರಾಮನವಮಿ ಬಂದರೆ ಬೀದಿಬೀದಿಯಲ್ಲಿ ಪೆಂಡಾಲು. 2004ರಿಂದ ಜೆ.ಪಿ. ನಗರದಲ್ಲಿ ರಂಗಶಂಕರವಿರುವುದರಿಂದ ನಾಟಕಕ್ಕೂ ಒಂದು ನೆಲೆ ಸಿಕ್ಕಿದೆ. ಚಿತ್ರ, ಶಿಲ್ಪಗಳಿಗೆ ಆ ಭಾಗ್ಯ ಅಷ್ಟಾಗಿ ಒದಗಲಿಲ್ಲ. ಇಂಥ ಕಡೆ ಮನೆ ಮಾಡಿಕೊಂಡಿರುವ ಕಲಾವಿದರಿಗೆ ತಮ್ಮದನ್ನೋ ಗೆಳೆಯರದನ್ನೋ ನಾಲ್ಕು ಜನಕ್ಕೆ ತೋರಿಸಬೇಕೆನಿಸಿದರೆ ಎಲ್ಲಕ್ಕಿಂತ ಹತ್ತಿರದ ಗೋಡೆ ತಮ್ಮ ಮನೆಯದೇ.

ದೂರದ ಜೊತೆಗೆ ದುಡ್ಡಿನ ಕಾರಣವೂ ಇದೆ. ಬಾಡಿಗೆ ಕೊಟ್ಟು ಹಿಡಿಯುವ ಗ್ಯಾಲರಿಯಲ್ಲಿ ಒಂದು ವಾರ ಪ್ರದರ್ಶನವಿಟ್ಟರೂ ಕಲಾವಿದನ ಕೈಯಿಂದ ಹಣ ಹೋಗುತ್ತದೆ. ವ್ಯಾಪಾರದ ಗ್ಯಾಲರಿ ತಾನೇ ಖರ್ಚು ಹಾಕಿಕೊಂಡು ಪ್ರದರ್ಶನ ನಡೆಸುತ್ತದೆ. ಆದರೆ ಕೃತಿ ಮಾರಾಟವಾಗಿ ಅದರಲ್ಲಿ ಪಾಲು ಬಂದರೆ ಮಾತ್ರ ಅದು ಉಳಿದೀತು. ಹಾಗಾಗಿ ಮಾರಾಟವಾಗುವಂಥದ್ದಕ್ಕೆ ಅಲ್ಲಿ ಮೊದಲ ಮಣೆ. ಇಂದಿನ ಕಲಾವಿದರಲ್ಲಿ ಅನೇಕರು ಮಾಡುವ ಕೆಲಸವೋ ಕೊಂಡು ಮನೆಗೆ ಒಯ್ಯುವಂಥದ್ದೇ ಅಲ್ಲ. ಕೋಣೆಯನ್ನೆಲ್ಲ ತುಂಬುವ ಪ್ರತಿಷ್ಠಾಪನೆ, ಒಂದು ವಿಡಿಯೋ, ಬರಿಯ ಧ್ವನಿ, ಅರ್ಧ ಗಂಟೆ ನಡೆದು ಮುಗಿದುಹೋಗುವ ಪ್ರದರ್ಶನ ಕಲೆ ಇವುಗಳಿಗೆ ಬೆಲೆಪಟ್ಟಿ ಅಂಟಿಸುವುದು ಕಷ್ಟ. ಮಾರಲೇಬೇಕೆಂಬ ಹಂಗಿಲ್ಲದ ಜಾಗವೊಂದು ಇಂಥ ಕೆಲಸಕ್ಕೆ ಬೇಕು. ಹೇಗಿದ್ದರೂ ವಾಸಕ್ಕೆಂದು ಬಾಡಿಗೆಯನ್ನೋ ಸಾಲದ ಕಂತನ್ನೋ ಕಟ್ಟುತ್ತಿರುವ ಮನೆಗೆ ಆ ಹಂಗು ಇಲ್ಲ.

ಬಿಳಿ ಗೋಡೆಯ ಕಟ್ಟಳೆ

ಗ್ಯಾಲರಿ ಎಂದೊಡನೆ ಕಣ್ಣಿಗೆ ಬರುವುದು ಕಿಟಕಿಯಿಲ್ಲದ ಬಿಳಿ ಗೋಡೆ, ಮೇಲಿನಿಂದ ಬೀಳುವ ಬೆಳಕು, ಹೊಳೆಯುವ ನೆಲ, ಪಿಸುಮಾತು. ಈ ಏರ್ಪಾಡು ಅನಾದಿಯಿಂದ ಬಂದದ್ದೇನೂ ಅಲ್ಲ. 20ನೆಯ ಶತಮಾನದ ಪಶ್ಚಿಮದಲ್ಲಿ ಅದು ರೂಢಿಯಾಗಿ ಬೇರೂರಿತು. ಐರಿಷ್ ಮೂಲದ ಕಲಾವಿದ, ವಿಮರ್ಶಕ ಬ್ರಯನ್ ಒ'ಡೊಹರ್ಟಿ 1976ರಲ್ಲಿ 'ಆರ್ಟ್‌ಫೋರಂ' ಪತ್ರಿಕೆಗೆ ಬರೆದ ಲೇಖನಮಾಲೆಯಲ್ಲಿ ಈ 'ಬಿಳಿ ಪೆಟ್ಟಿಗೆ'ಯ ಗುಟ್ಟನ್ನು ಬಿಡಿಸಿಟ್ಟರು. ಬಿಳಿ ಕೋಣೆ ನಿಷ್ಪಕ್ಷಪಾತಿಯಂತೆ ಕಂಡರೂ ಹಾಗಲ್ಲ. ಹೊರಗಿನ ಬದುಕನ್ನು, ಹೊತ್ತನ್ನು, ನೋಡುವವನ ದೇಹವನ್ನೂ ಮರೆಸಿ, ಒಳಗಿಟ್ಟ ವಸ್ತುವಿಗೆ ಗುಡಿಯ ಗಾಂಭೀರ್ಯವನ್ನು ತಂದುಕೊಡುವ ಶಕ್ತಿ ಅದಕ್ಕಿದೆ ಎಂಬುದು ಅವರ ವಾದದ ಸಾರ.

ಮನೆಯಲ್ಲಿ ಆ ಗಾಂಭೀರ್ಯ ನಿಲ್ಲುವುದಿಲ್ಲ. ಚಿತ್ರದ ಪಕ್ಕದಲ್ಲೇ ಸ್ವಿಚ್ಚುಬೋರ್ಡು, ಕ್ಯಾಲೆಂಡರು. ವಿಡಿಯೋ ಓಡುತ್ತಿರುವಾಗ ಕುಕ್ಕರ್ ಕೂಗುತ್ತದೆ. ನಿಂತು ನೋಡಿ ಮುಂದೆ ಹೋಗುವ ಬದಲು ಜನ ಕೂತು ನೋಡುತ್ತಾರೆ. ಕೂತ ಮೇಲೆ ಮಾತಾಡುತ್ತಾರೆ. ಇದು ಏನು, ಹೀಗೇಕೆ ಮಾಡಿದಿರಿ ಎಂದು ಕಲಾವಿದರನ್ನೇ ಕೇಳಲು ಸಂಕೋಚವಾಗುವುದಿಲ್ಲ. ಗ್ಯಾಲರಿಯಲ್ಲಿ ವೀಕ್ಷಕರಾಗಿದ್ದವರು ಇಲ್ಲಿ ಅತಿಥಿಗಳಾಗುತ್ತಾರೆ.

ಕೆಲವು ಕೃತಿಗಳ ಅರ್ಥವೂ ಇಲ್ಲಿ ಬೇರೆಯಾದೀತು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ 1990ರ ದಶಕದಲ್ಲಿ ಸಗಣಿಯನ್ನು ತಮ್ಮ ಕಲೆಯ ಸಾಮಗ್ರಿಯಾಗಿ ಮಾಡಿಕೊಂಡರು; ಸೂಜಿ, ದಾರ, ಕುಂಕುಮಗಳಿಂದ ರಕ್ತದ ಬಣ್ಣದ ಉದ್ದುದ್ದ ಹಗ್ಗಗಳನ್ನು ಹೊಸೆದರು. ಅಂಗಳ ಸಾರಿಸುವ, ಹರಿದದ್ದನ್ನು ಹೊಲಿಯುವ, ಹಣೆಗೆ ಇಡುವ ವಸ್ತುಗಳಿವು. ಬಿಳಿ ಗೋಡೆಯ ನಡುವೆ ಅವು ಪರಿಚಿತ ಲೋಕದಿಂದ ದೂರ ಸರಿದು ಬೆರಗು ಹುಟ್ಟಿಸುತ್ತವೆ. ಇಂಥದೇ ಸಾಮಗ್ರಿಯ ಕೃತಿಯೊಂದು ಸೂಜಿದಾರ, ಕುಂಕುಮದ ಭರಣಿ ದಿನವೂ ಬಳಕೆಯಾಗುವ ಮನೆಯೊಳಗೇ ಬಂದು ಕೂತರೆ ಅದು ಕೇಳುವ ಪ್ರಶ್ನೆ ಆ ಮನೆಯನ್ನೇ ನೇರವಾಗಿ ಮುಟ್ಟುತ್ತದೆ.

ಶಾಂತಿರೋಡಿನ ಬಾದಾಮಿ ಮರ

ಬೆಂಗಳೂರಿನಲ್ಲಿ ಈ ಮಾದರಿಗೆ ಹೆಸರು ತಂದುಕೊಟ್ಟದ್ದು ಶಾಂತಿನಗರದ 'ಒನ್ ಶಾಂತಿರೋಡ್'. ಚಿತ್ರಕಲಾ ಪರಿಷತ್ತಿನ ಕಲಾ ಕಾಲೇಜಿನಲ್ಲಿ ಪಾಠ ಹೇಳಿದ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ 2003ರಲ್ಲಿ ಇದನ್ನು ಆರಂಭಿಸಿದರು. ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ಮೀತಾ ಜೈನ್ ಅವರದು. ಕಾಡುಬಾದಾಮಿ ಮರವೊಂದನ್ನು ಉಳಿಸಿಕೊಂಡು ಅದರ ಸುತ್ತ ಅಂಗಳ ಬಿಟ್ಟು ಕಟ್ಟಿದ ಮನೆ ಅದು. ವಾಸದ ಕೋಣೆಗಳು, ಹೊರಗಿನಿಂದ ಬಂದ ಕಲಾವಿದರು ಉಳಿದುಕೊಂಡು ಕೆಲಸ ಮಾಡುವ ಜಾಗ, ಪ್ರದರ್ಶನದ ಜಾಗ ಎಲ್ಲವೂ ಒಂದೇ ಸೂರಿನಡಿ. ಹೊಸದಾಗಿ ಕಲಾಶಾಲೆ ಮುಗಿಸಿದವರ ಮೊದಲ ಪ್ರದರ್ಶನ, ಚಿತ್ರಗಳನ್ನು ತೋರಿಸುತ್ತ ನಡೆಸುವ ಉಪನ್ಯಾಸ, ಸಿನಿಮಾ, ಚರ್ಚೆ ಇವೆಲ್ಲ ಅಲ್ಲಿ ನಡೆದಿವೆ. ಆ ಮನೆಯ ಅಡುಗೆಮನೆಯೂ ಗ್ಯಾಲರಿಯಷ್ಟೇ ಹೆಸರುವಾಸಿ. ಅದರ ಊಟದ ಮೇಜಿನ ಸುತ್ತ ಹುಟ್ಟಿದ ಅಡುಗೆ ಪುಸ್ತಕವೊಂದು ಪ್ರಕಟವೂ ಆಗಿದೆ. ಕಲಾಸಂಸ್ಥೆಯೊಂದರಿಂದ ಅಡುಗೆ ಪುಸ್ತಕ ಹೊರಡುವುದೆಂದರೆ ಆ ಸಂಸ್ಥೆ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ 'ಚಿತ್ರಸಂತೆ'ಯನ್ನು ಆರಂಭಿಸಿತೆಂಬುದು ಗಮನಿಸತಕ್ಕದ್ದು. ಒಂದೇ ನಗರದಲ್ಲಿ ಒಂದೇ ಕಾಲಕ್ಕೆ ಕಲೆ ಗ್ಯಾಲರಿಯ ಗೋಡೆಯನ್ನು ಬಿಟ್ಟು ಎರಡು ದಿಕ್ಕಿಗೆ ಹೊರಟಿತು: ಒಂದು ಬೀದಿಗೆ, ಒಂದು ಮನೆಯೊಳಕ್ಕೆ. ಬೀದಿಗೆ ಹೋದದ್ದು ಒಂದು ದಿನದಲ್ಲಿ ದೊಡ್ಡ ಜನಸಾಗರವನ್ನು ಕಂಡಿತು. ಮನೆಗೆ ಹೋದದ್ದು ಕೆಲವೇ ಜನರನ್ನು ಕಂಡರೂ ಅವರನ್ನು ಬಹಳ ಹೊತ್ತು ಕೂರಿಸಿಕೊಂಡಿತು.

ಶಾಂತಿರೋಡಿನ ಮನೆ ಕಲೆಗೆಂದೇ ಯೋಚಿಸಿ ಕಟ್ಟಿದ್ದು. ಇನ್ನೂ ಮುಂದೆ ಹೋದವರು ಸಾಮಾನ್ಯ ವಾಸದ ಮನೆಯನ್ನು ಇದ್ದಂತೆಯೇ ಬಳಸಿಕೊಂಡರು. ಛಾಯಾಗ್ರಹಣ ಮಾಧ್ಯಮದ ಕಲಾವಿದೆ ಚಿನಾರ್ ಶಾ 2010ರ ದಶಕದಲ್ಲಿ ಬೆಂಗಳೂರಿನಲ್ಲಿ 'ಹೋಂ ಸ್ವೀಟ್ ಹೋಂ' ಎಂಬ ಹೆಸರಿನಿಂದ ವಾಸದ ಮನೆಯೊಳಗಿನ ಪ್ರದರ್ಶನಗಳ ಸರಣಿಯನ್ನು ನಡೆಸಿದರು. ಕಸೂತಿ ಹಾಕಿ, ಚೌಕಟ್ಟು ಕಟ್ಟಿಸಿ ಮಧ್ಯಮವರ್ಗದ ಮನೆಗಳ ಬಾಗಿಲ ಮೇಲೆ ತೂಗುಹಾಕುವ ಮಾತೇ ಪ್ರದರ್ಶನಕ್ಕೆ ಹೆಸರಾಯಿತು. ಆ ಹೆಸರಿನಲ್ಲಿ ಪ್ರೀತಿಯ ಜೊತೆಗೆ ಒಂದಿಷ್ಟು ಕುಹಕವೂ ಇದೆ. ಕಲಾವಿದೆ ಪುಷ್ಪಮಾಲಾ ಎನ್. ತಮ್ಮ ಕಲ್ಪಿತ ಸಂಸ್ಥೆಯೊಂದಕ್ಕೆ 'ಸೋಂಬೇರಿಕಟ್ಟೆ' ಎಂದು ಹೆಸರಿಟ್ಟದ್ದನ್ನೂ ಇಲ್ಲಿ ನೆನೆಯಬಹುದು. ಸಂಸ್ಥೆಯೆಂದರೆ ಕಟ್ಟಡ, ಫಲಕ, ಆಡಳಿತ ಮಂಡಳಿ ಇರಲೇಬೇಕೆಂಬ ನಂಬಿಕೆಯನ್ನು ಬೆಂಗಳೂರಿನ ಕಲಾವಿದರು ಹೀಗೆ ಬೇರೆ ಬೇರೆ ಬಗೆಯಲ್ಲಿ ಕೆಣಕಿದ್ದಾರೆ.

ಹೊರನಾಡಿನ ನಿದರ್ಶನಗಳು

ಹೊರದೇಶಗಳಲ್ಲಿ ಈ ಪದ್ಧತಿ ಬೇರೆ ಬೇರೆ ಕಾರಣಗಳಿಂದ ಹುಟ್ಟಿತು. ಮಾಸ್ಕೋದಲ್ಲಿ ಅದಕ್ಕೆ ಕಾರಣ ಭಯ. ಸೋವಿಯತ್ ಸರ್ಕಾರ ಒಪ್ಪದ ಕಲೆಗೆ ಅಲ್ಲಿ ಸಾರ್ವಜನಿಕ ಗೋಡೆಯೇ ಇರಲಿಲ್ಲ. 1974ರಲ್ಲಿ ಬಯಲಿನಲ್ಲಿ ಏರ್ಪಡಿಸಿದ ಪ್ರದರ್ಶನದ ಮೇಲೆ ಬುಲ್ಡೋಜರುಗಳನ್ನೇ ಹರಿಸಿದರು. 1982ರಲ್ಲಿ ನಿಕಿತಾ ಅಲೆಕ್ಸೇವ್ ಎಂಬ ಕಲಾವಿದ ತನ್ನ ಪುಟ್ಟ ಫ್ಲ್ಯಾಟಿನಲ್ಲಿ 'ಆಪ್ಟ್‌ಆರ್ಟ್' ಎಂಬ ಪ್ರದರ್ಶನಗಳನ್ನು ಆರಂಭಿಸಿದ. ಮರುವರ್ಷವೇ ಗುಪ್ತ ಪೊಲೀಸರು ಅಲ್ಲಿಗೂ ನುಗ್ಗಿದರು.

ಬೆಲ್ಜಿಯಂನ ಗೆಂಟ್ ನಗರದಲ್ಲಿ ಭಯವಿರಲಿಲ್ಲ, ಕುತೂಹಲವಿತ್ತು. ಅಲ್ಲಿಯ ಸಮಕಾಲೀನ ಕಲಾ ವಸ್ತುಸಂಗ್ರಹಾಲಯದ ನಿರ್ದೇಶಕ ಯಾನ್ ಹೂಟ್ 1986ರ ಬೇಸಿಗೆಯಲ್ಲಿ ಐವತ್ತಕ್ಕೂ ಹೆಚ್ಚು ಕಲಾವಿದರನ್ನು ಊರಿನ ಮನೆಗಳಿಗೆ ಕಳಿಸಿದರು. ಪ್ರದರ್ಶನದ ಹೆಸರು 'ಗೆಳೆಯರ ಕೋಣೆಗಳು'. ಜನ ಮನೆಯಿಂದ ಮನೆಗೆ ಹೋಗಿ ಕರೆಗಂಟೆ ಒತ್ತಿ ಕಲೆ ನೋಡಿದರು. ಫ್ರೆಂಚ್ ಕಲಾವಿದ ಡಾನಿಯೆಲ್ ಬ್ಯುರೆನ್ ಮನೆಯೊಂದರ ಅತಿಥಿಕೋಣೆಯಲ್ಲಿ ತನ್ನ ಪಟ್ಟೆಗಳನ್ನು ಮೂಡಿಸಿ, ಅದೇ ಕೋಣೆಯ ಪ್ರತಿರೂಪವನ್ನು ವಸ್ತುಸಂಗ್ರಹಾಲಯದಲ್ಲೂ ಕಟ್ಟಿದ. ಎರಡೂ ಒಂದೇ ಕೋಣೆ. ಆದರೆ ಒಂದರಲ್ಲಿ ಜನ ಮಲಗುತ್ತಿದ್ದರು.

ಸ್ವಿಟ್ಜರ್‌ಲೆಂಡಿನ ಸಾಂಕ್ಟ್ ಗಾಲನ್‌ನಲ್ಲಿ 1991ರಲ್ಲಿ ನಡೆದದ್ದು ಇನ್ನೂ ಚಿಕ್ಕದು. ಮುಂದೆ ಜಗತ್ಪ್ರಸಿದ್ಧ ಪ್ರದರ್ಶನ ನಿರ್ದೇಶಕನಾದ ಹಾನ್ಸ್ ಉಲ್ರಿಕ್ ಓಬ್ರಿಸ್ಟ್ ಆಗ ಇಪ್ಪತ್ತಮೂರರ ಹುಡುಗ. ಅಡುಗೆಗೆ ಹೆಚ್ಚು ಬಳಸದೆ ಪುಸ್ತಕ ತುಂಬಿಟ್ಟಿದ್ದ ತನ್ನ ಅಡುಗೆಮನೆಯಲ್ಲೇ ಪ್ರದರ್ಶನವಿಟ್ಟ. ಸಿಂಕಿನ ಕೆಳಗೆ ಮೇಣದಬತ್ತಿಯ ಉರಿಯ ಬಿಂಬವೊಂದನ್ನು ಮೂಡಿಸಿದವರು ಕ್ರಿಸ್ಟಿಯಾನ್ ಬೋಲ್ಟಾನ್ಸ್ಕಿ. ಮೂರು ತಿಂಗಳಲ್ಲಿ ಬಂದವರು 29 ಮಂದಿ. ಆದರೆ ಆ 29 ಮಂದಿಯ ಬಾಯಿಂದ ಬಾಯಿಗೆ ಹರಡಿದ ಸುದ್ದಿ ಇಂದಿಗೂ ಕಲಾ ಇತಿಹಾಸದಲ್ಲಿ ಉಳಿದಿದೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಿಮ್ ಈಡ್ ಮತ್ತು ಹೆಲೆನ್ ಈಡ್ ದಂಪತಿ 1957ರಿಂದ 'ಕೆಟಲ್ಸ್ ಯಾರ್ಡ್' ಎಂಬ ತಮ್ಮ ಮನೆಯನ್ನು ಪಾಠದ ಅವಧಿಯ ದಿನಗಳಲ್ಲಿ ಪ್ರತಿ ಮಧ್ಯಾಹ್ನ ವಿದ್ಯಾರ್ಥಿಗಳಿಗೆ ತೆರೆದಿಟ್ಟರು. ಕೋಣೆಯಲ್ಲಿ ತೂಗುಹಾಕಿಕೊಳ್ಳಲು ಚಿತ್ರಗಳನ್ನು ಎರವಲು ಕೂಡ ಕೊಟ್ಟರು. 1966ರಲ್ಲಿ ಮನೆಯನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ, 1973ರವರೆಗೂ ಅಲ್ಲೇ ಇದ್ದರು. ಅವರು ಹೋದ ಮೇಲೂ ಮನೆ ಉಳಿದಿದೆ, ಜನ ಬರುತ್ತಾರೆ. ಆದರೆ ಬಾಗಿಲು ತೆರೆಯುವವರು ಮನೆಯವರಲ್ಲ. ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ 2009ರಲ್ಲಿ ಆರಂಭವಾದ ಮಾಣಿಕ್ಯವೇಲು ಬಂಗಲೆಯೂ ಹಿಂದೊಮ್ಮೆ ಮನೆಯೇ. ಕುಪ್ಪಳಿಯ ಕವಿಮನೆಯೂ ಅಷ್ಟೆ. ಹಿಂದೆ ಮನೆಯಾಗಿದ್ದ ವಸ್ತುಸಂಗ್ರಹಾಲಯವೇ ಬೇರೆ, ಇಂದೂ ಸಂಸಾರ ನಡೆಯುತ್ತಿರುವ ಮನೆಯೇ ಬೇರೆ. ಮೊದಲನೆಯದಕ್ಕೆ ಕಾವಲುಗಾರ ಸಾಕು. ಎರಡನೆಯದಕ್ಕೆ ಆತಿಥೇಯರು ಬೇಕು.

ಮೊಳೆ ಮತ್ತು ಅಡ್ವಾನ್ಸು

ಆತಿಥೇಯರ ಕಷ್ಟಗಳು ಮೊಳೆಯಿಂದಲೇ ಆರಂಭವಾಗುತ್ತವೆ. ಕಲಾವಿದರಲ್ಲಿ ಅನೇಕರು ಬಾಡಿಗೆದಾರರು. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಪಡೆದು, ಮನೆ ಬಿಡುವಾಗ ಸುಣ್ಣಬಣ್ಣದ ಖರ್ಚು ಮುರಿದುಕೊಳ್ಳುವುದು ಬೆಂಗಳೂರಿನಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಹನ್ನೊಂದು ತಿಂಗಳ ಕರಾರಿನ ಮನೆಯ ಗೋಡೆಗೆ ಎಷ್ಟು ಮೊಳೆ ಹೊಡೆಯಬಹುದು? ಮಾಲೀಕರು ಮೇಲಿನ ಮಹಡಿಯಲ್ಲೇ ಇದ್ದರೆ ಸಂಜೆ ಬಂದುಹೋಗುವ ಇಪ್ಪತ್ತು ಮೂವತ್ತು ಅಪರಿಚಿತರ ವಿಷಯದಲ್ಲಿ ಏನೆಂದು ಉತ್ತರ ಹೇಳುವುದು? ಗೇಟಿನ ಮುಂದೆ ನಿಂತ ಸ್ಕೂಟರುಗಳ ಬಗ್ಗೆ ಎದುರುಮನೆಯವರು ತಕರಾರು ತೆಗೆಯದೆ ಇದ್ದಾರೆಯೇ? ಅಪಾರ್ಟ್‌ಮೆಂಟಾದರೆ ಬಂದವರೆಲ್ಲ ಸೆಕ್ಯುರಿಟಿಯವನ ಪುಸ್ತಕದಲ್ಲಿ ಹೆಸರು, ಫೋನ್ ನಂಬರು ಬರೆದು, ಮನೆಯವರು ಹೂಂ ಅಂದ ಮೇಲಷ್ಟೇ ಲಿಫ್ಟ್ ಹತ್ತಬೇಕು.

ಮನೆಯೊಳಗಿನ ಕೆಲಸ ಇನ್ನೊಂದು. ಪ್ರದರ್ಶನದ ದಿನ ಮನೆ ಗುಡಿಸಿ, ಬಟ್ಟೆಬರೆ ಒಳಗಿಟ್ಟು, ಬಂದವರಿಗೆಲ್ಲ ಕಾಫಿ ಕೊಟ್ಟು, ಹೋದ ಮೇಲೆ ಲೋಟ ತೊಳೆಯುವವರು ಯಾರು? ಗ್ಯಾಲರಿಯಲ್ಲಿ ಸಂಬಳ ಪಡೆದು ಮಾಡುವ ಕೆಲಸವನ್ನು ಮನೆಯಲ್ಲಿ ಯಾರೋ ಸಂಬಳವಿಲ್ಲದೆ ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಆ 'ಯಾರೋ' ಬಹುಪಾಲು ಹೆಂಗಸರೇ. ಮನೆಪ್ರದರ್ಶನ ಖರ್ಚಿಲ್ಲದ್ದು ಎನ್ನುವಾಗ ಈ ಲೆಕ್ಕವನ್ನು ಬಿಟ್ಟು ಹೇಳುವುದು ಸರಿಯಲ್ಲ. ಮನೆಯಾತನಿಗೆ ಕಾಯಿಲೆಯಾದರೆ, ಮನೆಯಾಕೆಗೆ ಬೇರೆ ಊರಲ್ಲಿ ಕೆಲಸ ಸಿಕ್ಕರೆ, ಬಾಡಿಗೆ ಏರಿದರೆ ಸಂಸ್ಥೆಯೂ ಅಂದಿಗೆ ಮುಗಿಯಿತು. ಅಲ್ಲಿ ನಡೆದದ್ದರ ಪಟ, ಪತ್ರ, ಪಟ್ಟಿಗಳನ್ನು ಯಾರೂ ಎತ್ತಿಡದಿದ್ದರೆ ನಗರದ ಕಲೆಯ ಚರಿತ್ರೆಯ ಒಂದು ಭಾಗವೇ ಅಳಿಸಿಹೋಗುತ್ತದೆ.

ಹೊಸಿಲಿನ ಪ್ರಶ್ನೆ

ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ ಹೊಸಿಲಿನದು. ನಮ್ಮ ಸಮಾಜದಲ್ಲಿ ಬೀದಿಗಿಂತ, ಬಸ್ಸಿಗಿಂತ, ಶಾಲೆಗಿಂತ ಮನೆಯಲ್ಲೇ ಗೆರೆಗಳು ಬಿಗಿ. ಜಗಲಿಯವರೆಗೆ ಬರಬಹುದಾದವರು, ಪಡಸಾಲೆಯವರೆಗೆ ಬರಬಹುದಾದವರು, ಅಡುಗೆಮನೆಯೊಳಗೆ ಬರಬಹುದಾದವರು ಎಂದು ಹಳೆಯ ಮನೆಗಳು ಜನರನ್ನು ಜಾತಿಯ ಲೆಕ್ಕದಲ್ಲಿ ವಿಂಗಡಿಸಿದ್ದವು. ಬಾಡಿಗೆ ಮನೆ ಹುಡುಕುವವರಿಗೆ ಜಾತಿ, ಧರ್ಮ, ಊಟದ ಪದ್ಧತಿಯ ಪ್ರಶ್ನೆ ಇಂದಿಗೂ ಎದುರಾಗುವುದುಂಟು. ಗೊಂಬೆ ಹಬ್ಬದ ಕರೆಯೂ ಬಳಗ, ಪರಿಚಯಗಳ ಎಲ್ಲೆಯೊಳಗೇ ಹೋಗುತ್ತಿತ್ತು; ಅರಿಶಿನ ಕುಂಕುಮಕ್ಕೆ ವಿಧವೆಯರನ್ನು ಕರೆಯುತ್ತಿರಲಿಲ್ಲ. ಇಂಥ ಹಿನ್ನೆಲೆಯ ಮನೆಯ ಬಾಗಿಲನ್ನು, ಕಲೆ ನೋಡುವ ಆಸೆಯೊಂದನ್ನು ಬಿಟ್ಟು ಬೇರೇನನ್ನೂ ವಿಚಾರಿಸದೆ ಅಪರಿಚಿತರಿಗೆ ತೆರೆಯುವುದು ಸಣ್ಣ ಸಂಗತಿಯಲ್ಲ. ಗೋಡೆಯ ಮೇಲಿನ ಕೃತಿಗಿಂತ ಬಾಗಿಲು ತೆರೆದದ್ದೇ ಹೆಚ್ಚಿನ ಮಾತಾಗುವ ಸಂದರ್ಭಗಳೂ ಇವೆ.

ಆದರೆ ಬಾಗಿಲು ನಿಜವಾಗಿ ಎಷ್ಟು ತೆರೆದಿದೆ? ಸುದ್ದಿ ಹರಡುವುದು ಗೆಳೆಯರಿಂದ ಗೆಳೆಯರಿಗೆ. ಆಹ್ವಾನ ಬಹುಪಾಲು ಇಂಗ್ಲಿಷಿನಲ್ಲಿ. ಕಲಾಶಾಲೆಗಳ ವಲಯಕ್ಕೆ ಗೊತ್ತಾದದ್ದು ಅದೇ ಬೀದಿಯ ದರ್ಜಿಗೆ, ಹೂವಿನವಳಿಗೆ, ಪಕ್ಕದ ಮನೆಯ ಅಜ್ಜಿಗೆ ಗೊತ್ತಾಗದೆ ಹೋಗಬಹುದು. ಗೊತ್ತಾದರೂ ಪರಿಚಯವಿಲ್ಲದ ಮನೆಯ ಗಂಟೆ ಒತ್ತಲು ಧೈರ್ಯ ಬೇಕು. ಇನ್ನು ಒಳಗೆ ಹೋದವರಿಗೆ ದಾಕ್ಷಿಣ್ಯದ ಕಟ್ಟು. ಉಪ್ಪು ತಿಂದ ಮನೆಯಲ್ಲಿ ಕೂತು, ಈ ಕೃತಿ ಚೆನ್ನಾಗಿಲ್ಲ ಎಂದು ಹೇಳುವವರು ಅಪರೂಪ. ಗ್ಯಾಲರಿಯ ಬಿಗುಮಾನ ಹೋಯಿತೆಂದು ಸಂತೋಷಪಡುವಾಗಲೇ ವಿಮರ್ಶೆಯೂ ಮೆತ್ತಗಾಗುವ ಅಪಾಯವಿದೆ.

ಸಾರ್ವಜನಿಕ ಗ್ಯಾಲರಿಗೂ ಮನೆಗೂ ಇರುವ ಮೂಲ ವ್ಯತ್ಯಾಸ ಇಲ್ಲಿದೆ. ಗ್ಯಾಲರಿಗೆ ಜನ ಹೋಗುವುದು ಹಕ್ಕಿನಿಂದ, ಮನೆಗೆ ಹೋಗುವುದು ಕರೆಯಿಂದ. 2016ರಲ್ಲಿ ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದರ ನಿರ್ವಹಣೆಗೆ ಒಪ್ಪಿಸುವ ಯೋಜನೆಯನ್ನು ವಿರೋಧಿಸಿ ಬೆಂಗಳೂರಿನ ಕಲಾವಿದರು ಬೀದಿಗಿಳಿದದ್ದು ಈ ಹಕ್ಕಿಗಾಗಿಯೇ. ಆ ಗ್ಯಾಲರಿಯ ಸ್ಥಿತಿ ಚೆನ್ನಾಗಿದೆಯೆಂದು ಅವರಲ್ಲಿ ಯಾರೂ ವಾದಿಸಲಿಲ್ಲ. ಅದು ಎಲ್ಲರದಾಗಿ ಉಳಿಯಲಿ ಎಂದರು. ಕಲಾವಿದರು ತಮ್ಮ ಮನೆಗಳನ್ನು ತೆರೆದಿದ್ದಾರೆಂಬ ಕಾರಣಕ್ಕೆ ನಗರಪಾಲಿಕೆಯಾಗಲಿ ಸರ್ಕಾರವಾಗಲಿ ಬಡಾವಣೆಗಳಿಗೆ ಒಂದೊಂದು ಸಾರ್ವಜನಿಕ ಗೋಡೆಯನ್ನು ಒದಗಿಸುವ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ.

ಮನೆಪ್ರದರ್ಶನ ನಡೆಸುವವರಿಗೂ ಮಾಡಬಹುದಾದ ಸಣ್ಣ ಕೆಲಸಗಳಿವೆ. ಗೇಟಿಗೆ ಕನ್ನಡದಲ್ಲೊಂದು ಚೀಟಿ, ಅದರಲ್ಲಿ ದಿನ, ಹೊತ್ತು, 'ಯಾರು ಬೇಕಾದರೂ ಬರಬಹುದು' ಎಂಬ ಒಂದು ಸಾಲು. ಎದುರುಮನೆಯವರಿಗೆ, ಮನೆಗೆಲಸಕ್ಕೆ ಬರುವವರಿಗೆ, ಗೇಟಿನ ಸೆಕ್ಯುರಿಟಿಯವನಿಗೆ ಮೊದಲ ಕರೆ. ಗೊಂಬೆ ಕೂರಿಸಿದ ಮನೆಗಳು ನೆರೆಯವರನ್ನು ಬಾಯಿತುಂಬ ಕರೆಯುವುದನ್ನು ಕಲಿಸಿವೆ. ಯಾರನ್ನು ಕರೆಯದೆ ಬಿಟ್ಟೆವೆಂಬುದನ್ನು ನೆನಪಿಟ್ಟುಕೊಂಡು ಕರೆಯುವುದು ಮಾತ್ರ ಇನ್ನು ಕಲಿಯಬೇಕಾದದ್ದು.